ಎರಡು ವರ್ಷದ ಕಾವಲು

ಮಾಕಳಿ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಓದಿದೆ. ನಿಮ್ಮ ಪ್ರಾಂಶುಪಾಲರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ, ಕಾಯಂ ಉಪನ್ಯಾಸಕರಲ್ಲಿ ನೀನೇ ಹಿರಿಯಳು, ಪ್ರಭಾರ ವಹಿಸಿಕೊಳ್ಳಬೇಕೆಂದು ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ ಕಚೇರಿಯಿಂದ ಹೇಳಿದ್ದಾರೆ, ನಿನಗೆ ಮನಸ್ಸಿಲ್ಲ. ‘ನಾನು ಪಾಠ ಮಾಡಲು ಬಂದವಳು ದೊಡ್ಡಮ್ಮ, ಬಿಲ್ಲಿಗೆ ಸಹಿ ಹಾಕಲು ಬಂದವಳಲ್ಲ. ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರು ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಬೇಡ ಅಂತ ಬರೆದುಕೊಟ್ಟುಬಿಡಲಾ?’ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಒಪ್ಪಿಕೋ.

ಪಿಯು ಕಾಲೇಜನ್ನು ನಮ್ಮ ಜನ ದಾಟಿ ಹೋಗುವ ಜಾಗ ಎಂದೇ ತಿಳಿದಿದ್ದಾರೆ. ಹೈಸ್ಕೂಲಿಗೆ ಅದರದ್ದೇ ಗತ್ತಿದೆ, ಡಿಗ್ರಿ ಕಾಲೇಜಿಗೆ ಯೂನಿವರ್ಸಿಟಿಯ ಹೆಸರಿದೆ. ನಡುವಿನ ಜೂನಿಯರ್ ಕಾಲೇಜಿನಲ್ಲಿ ಮಗು ಇರುವುದೇ ಎರಡು ವರ್ಷ. ಅವಳ ಹೆಸರು, ಊರು, ಮನೆ ಪರಿಸ್ಥಿತಿ ನಮಗೆ ಗೊತ್ತಾಗುವಷ್ಟರಲ್ಲಿ ಹಾಲ್ ಟಿಕೆಟ್ ತೆಗೆದುಕೊಂಡು ಹೊರಟುಹೋಗಿರುತ್ತಾಳೆ. ಆದರೆ ಹೆಣ್ಣುಮಕ್ಕಳ ಲೆಕ್ಕದಲ್ಲಿ ಆ ಎರಡು ವರ್ಷದ ತೂಕವೇ ಬೇರೆ. ಹದಿನಾರಕ್ಕೆ ಬರುತ್ತಾಳೆ, ಹದಿನೆಂಟಕ್ಕೆ ಹೋಗುತ್ತಾಳೆ. ಈಗಿನ ಕಾಲದಲ್ಲಿ ಹೆಣ್ಣುಮಗುವನ್ನು ಒಂದನೇ ಕ್ಲಾಸಿಗೆ ಸೇರಿಸದ ಮನೆ ನಮ್ಮ ಕಡೆ ಸಿಗುವುದು ಅಪರೂಪ. ಎಸ್ಸೆಸ್ಸೆಲ್ಸಿವರೆಗೂ ಹೇಗೋ ತಳ್ಳುತ್ತಾರೆ. ಮನೆಯವರು ಕೂತು ‘ಇನ್ನು ಇವಳನ್ನು ಏನು ಮಾಡೋಣ’ ಎಂದು ಮಾತಿಗೆ ಶುರುಮಾಡುವುದು ಅದಾದ ಮೇಲೆ. ನಮ್ಮ ಕೈಗೆ ಅವಳು ಸಿಗುವುದು ಆ ಮಾತು ನಡೆಯುತ್ತಿರುವಾಗ. ಹೆಣ್ಣುಮಕ್ಕಳ ಪಿಯು ಕಾಲೇಜಿನ ಪ್ರಾಂಶುಪಾಲರ ಕುರ್ಚಿ ಇರುವುದು ಆ ಮಾತಿನ ನಡುವೆ ಕೂತುಕೊಳ್ಳುವುದಕ್ಕೆ.

ನಮ್ಮ ಮಾಕಳಿಯನ್ನೇ ತಗೋ. ತುಮಕೂರು ರಸ್ತೆಯ ಪಕ್ಕದ ಈ ಊರಿನಲ್ಲಿ ನಾನು ಚಿಕ್ಕವಳಿದ್ದಾಗ ರಸ್ತೆಗೆ ಅಂಟಿಕೊಂಡಂತೆಯೇ ರಾಗಿ ಹೊಲ, ಅವರೆ ಸಾಲು. ಹೈಸ್ಕೂಲಿಗೆ ನೆಲಮಂಗಲಕ್ಕೆ ಹೋಗುತ್ತಿದ್ದೆ. ನನ್ನ ಜೊತೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರಲ್ಲಿ ಮುಂದೆ ಓದಿದವರು ಕಡಿಮೆ. ದಡ್ಡರೆಂದಲ್ಲ. ಪಿಯುಸಿಗೆ ಬಸ್ಸು ಹತ್ತಿ ಜಾಲಹಳ್ಳಿ ಕ್ರಾಸು, ಯಶವಂತಪುರ ದಾಟಿ ಪೇಟೆಗೆ ಹೋಗಿ ಬರಬೇಕಿತ್ತು, ಹದಿನಾರು ತುಂಬಿದವಳನ್ನು ಹಾಗೆ ಕಳಿಸಲು ಮನೆಯವರಿಗೆ ಧೈರ್ಯವಿರಲಿಲ್ಲ. ನಿನ್ನ ತಾತ ನನ್ನನ್ನು ಕಳಿಸಿದರು. ಮೊದಲ ವರ್ಷ ಸಂಜೆ ಬಸ್ ಸ್ಟಾಪಿನಲ್ಲಿ ಬಂದು ನಿಂತಿರುತ್ತಿದ್ದರು, ಮನೆಗೆ ಬರುವ ದಾರಿಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಅವರು ಅಲ್ಲಿ ನಿಲ್ಲದೆ ಹೋಗಿದ್ದರೆ ನಿನಗೆ ಈ ಪತ್ರ ಬರೆಯಲು ಪ್ರಾಂಶುಪಾಲರಾಗಿದ್ದ ದೊಡ್ಡಮ್ಮ ಇರುತ್ತಿರಲಿಲ್ಲ.

ಈಗ ಊರು ಗುರುತು ಸಿಗುವುದಿಲ್ಲ. ಹಿಮಾಲಯ ಔಷಧಿ ಕಂಪನಿ ಇಲ್ಲೇ ಇದೆ, ಮಾದಾವರದಲ್ಲಿ ವಸ್ತುಪ್ರದರ್ಶನದ ದೊಡ್ಡ ಕೇಂದ್ರ, ಆ ಕಡೆ ದಾಸನಪುರದ ಮಾರುಕಟ್ಟೆ, ಈ ಕಡೆ ಗೋದಾಮು, ಲೇಔಟು. 2024ರ ನವೆಂಬರ್‌ನಲ್ಲಿ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ದಾರಿಯ ಅಡ್ಡಿ ಮುಕ್ಕಾಲು ಪಾಲು ಹೋಯಿತು ಎಂದು ನನಗೂ ಸಂತೋಷವೇ. ಆದರೂ ಬೆಳಗ್ಗೆ ಗೇಟಿನ ಹತ್ತಿರ ನಿಂತರೆ ಕಾಣುತ್ತದೆ, ಅದೇ ವಯಸ್ಸಿನ ಇಬ್ಬರು ಹುಡುಗಿಯರು, ಒಬ್ಬಳ ಬೆನ್ನಿಗೆ ಪುಸ್ತಕದ ಬ್ಯಾಗು, ಒಬ್ಬಳ ಕೈಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಊಟದ ಡಬ್ಬಿ. ದುಡಿಯುವುದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಎಷ್ಟೋ ಮನೆ ನಿಂತಿರುವುದೇ ಆ ಸಂಬಳದ ಮೇಲೆ. ಹದಿನೆಂಟು ತುಂಬಿ, ಕೈಯಲ್ಲಿ ಪಿಯುಸಿ ಅಂಕಪಟ್ಟಿ ಇಟ್ಟುಕೊಂಡು ಆ ಕೆಲಸಕ್ಕೆ ಹೋದವಳು ನಾಳೆ ಬೇಕಾದರೆ ಬಿಟ್ಟು ಬರಬಲ್ಲಳು. ಎಸ್ಸೆಸ್ಸೆಲ್ಸಿಗೇ ನಿಂತವಳಿಗೆ ಬಿಟ್ಟರೆ ಹೋಗುವುದಕ್ಕೆ ಜಾಗವಿರುವುದಿಲ್ಲ.

ಈ ಎರಡು ವರ್ಷದ ಮೆಟ್ಟಿಲು ನಮ್ಮ ನಾಡಿನಲ್ಲಿ ಸುಲಭವಾಗಿ ಬಂದದ್ದಲ್ಲ. ನೀನು ಇತಿಹಾಸದವಳಲ್ಲ, ನಾನು ಇತಿಹಾಸ ಪಾಠ ಮಾಡಿದವಳು, ಸ್ವಲ್ಪ ಕೇಳಿಸಿಕೋ. 1881ರಲ್ಲಿ ಅರಮನೆಯ ಅಧಿಕಾರಿ ಅಂಬಳೆ ನರಸಿಂಹ ಅಯ್ಯಂಗಾರರು ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅದೇ ಮುಂದೆ ಮಹಾರಾಣಿ ಕಾಲೇಜಾಯಿತು. ಅಲ್ಲಿ ಎಫ್‌.ಎ. ತರಗತಿ, ಅಂದರೆ ಇವತ್ತಿನ ನಮ್ಮ ಪಿಯುಸಿ ಇರುವ ಜಾಗದ ಓದು, ಶುರುವಾದದ್ದು 1901ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ಲೆಕ್ಕ ಹಾಕಿ ನೋಡು. ಶಾಲೆ ತೆರೆದ ಮೇಲೆ ಆ ಮೆಟ್ಟಿಲು ಕಟ್ಟುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಕಟ್ಟಿದ ಐದೇ ವರ್ಷಕ್ಕೆ, 1906ರಲ್ಲಿ, ಶ್ರೀರಂಗಮ್ಮ, ರುಕ್ಮಿಣಿಯಮ್ಮನಂಥವರು ಬಿ.ಎ. ಪದವೀಧರರಾದರು. ತಡವಾದದ್ದು ಹುಡುಗಿಯರಿಂದಲ್ಲ, ನಡುವಿನ ಮೆಟ್ಟಿಲಿಲ್ಲದ್ದರಿಂದ. ಬೆಂಗಳೂರಿನಲ್ಲಿ ಮಹಾರಾಣಿ ಕಾಲೇಜು ಬರಲು 1938 ಆಯಿತು. ಇಂಟರ್‌ಮೀಡಿಯೆಟ್ ಹೋಗಿ ಪಿಯುಸಿ ಬಂತು, ಒಂದು ವರ್ಷದ ಪಿಯುಸಿ ಎರಡು ವರ್ಷದ್ದಾಯಿತು, ತಾಲ್ಲೂಕು ಕೇಂದ್ರದ ಹೈಸ್ಕೂಲುಗಳು ಒಂದೊಂದಾಗಿ ಜೂನಿಯರ್ ಕಾಲೇಜುಗಳಾದವು. ನೀನು ಈಗ ನಿಂತಿರುವುದು ಆ ಸಾಲಿನಲ್ಲಿ.

ಒಂದು ಮಾತು ಸೇರಿಸಲೇಬೇಕು. ಆ ಮೊದಲ ಮಹಾರಾಣಿ ಶಾಲೆಗೆ ಬಂದವರು ಬಹುಪಾಲು ಮೇಲ್ಜಾತಿಯ, ಅಧಿಕಾರಿ ಮನೆತನಗಳ ಹುಡುಗಿಯರು. ಒಕ್ಕಲು ಮನೆಯವರು, ಕೂಲಿಯವರು, ಕೇರಿಯವರು ಅದರ ಬಾಗಿಲಿನ ಹತ್ತಿರವೂ ಸುಳಿಯುವ ಹಾಗಿರಲಿಲ್ಲ. ಇವತ್ತು ನಿನ್ನ ಕ್ಲಾಸಿನಲ್ಲಿ ಕೂತಿರುವವರು ಅವರ ಮೊಮ್ಮಕ್ಕಳು, ಮರಿಮಕ್ಕಳು. ನಿನ್ನ ಹಾಜರಿ ಪುಸ್ತಕದಲ್ಲಿ ಇರುವುದು ಅಂದು ಯಾರ ಪಟ್ಟಿಯಲ್ಲೂ ಇರದಿದ್ದ ಹೆಸರುಗಳು. ಸರ್ಕಾರಿ ಹೆಣ್ಣುಮಕ್ಕಳ ಕಾಲೇಜು ಎಂದರೆ ‘ಅಯ್ಯೋ, ಅಲ್ಲಿಗಾ’ ಎನ್ನುವವರ ಮಾತು ನಿನ್ನ ಕಿವಿಗೆ ಬಿದ್ದಾಗೆಲ್ಲ ಇದನ್ನು ನೆನಪು ಮಾಡಿಕೋ.

ವಯಸ್ಸು ಸಾಲದು ಅಂದೆಯಲ್ಲ. ಚಿ. ನ. ಮಂಗಳಾ ಅವರು ಹುಟ್ಟಿದ್ದು 1938ರಲ್ಲಿ. 1973ರಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿ ಟ್ರಸ್ಟು ಜಯನಗರದಲ್ಲಿ ಹೆಣ್ಣುಮಕ್ಕಳಿಗೆಂದು ಎನ್‌.ಎಂ.ಕೆ.ಆರ್‌.ವಿ. ಕಾಲೇಜು ತೆರೆದಾಗ ಅದರ ಮೊದಲ ಪ್ರಾಂಶುಪಾಲರಾದರು. ಮೂವತ್ತೈದರ ವಯಸ್ಸು. ನಿನಗೂ ಅದಕ್ಕೂ ಹೆಚ್ಚು ದೂರವಿಲ್ಲ. ಹೊಸ ಕಾಲೇಜು ಎಂದರೆ ಪ್ರವೇಶ, ಕಟ್ಟಡ, ಸಿಬ್ಬಂದಿ, ಫಲಿತಾಂಶ, ಇಷ್ಟೇ ಇಡೀ ದಿನವನ್ನು ನುಂಗಿಹಾಕಲು ಸಾಕು. ಅವರು ಅದರ ನಡುವೆಯೇ ‘ಶಾಶ್ವತಿ’ ಎಂಬ ಮಹಿಳಾ ಅಧ್ಯಯನ ಕೇಂದ್ರ ಕಟ್ಟಿದರು, ಜೊತೆಗೆ ಒಂದು ವಸ್ತುಸಂಗ್ರಹಾಲಯ. ಹೆಂಗಸರ ಬದುಕಿಗೆ ಸೇರಿದ ವಸ್ತುಗಳನ್ನೇ ಕೂಡಿಸಿಟ್ಟ ಸಂಗ್ರಹಾಲಯ. ನಾನು ಒಂದು ಸಲ ನಮ್ಮ ಕಾಲೇಜಿನ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಳ್ಳಿಯಿಂದ ಬರುತ್ತಿದ್ದ ಒಬ್ಬಳು ಮನೆವಾರ್ತೆಯ ಸಾಮಾನಿನ ಮುಂದೆ ನಿಂತು, ‘ಮೇಡಂ, ಇಂಥದ್ದು ನಮ್ಮ ಅಟ್ಟದ ಮೇಲೆ ಬಿದ್ದಿದೆ, ಇದನ್ನೂ ಮ್ಯೂಸಿಯಂನಲ್ಲಿ ಇಡ್ತಾರಾ?’ ಅಂದಳು. ತನ್ನ ಅಜ್ಜಿಯ ಕೆಲಸಕ್ಕೂ ಚರಿತ್ರೆಯಲ್ಲಿ ಜಾಗವಿದೆ ಎನ್ನುವುದನ್ನು ನಾನು ವರ್ಷವಿಡೀ ಪಾಠ ಮಾಡಿದರೂ ಅವಳಿಗೆ ಅಷ್ಟು ಚೆನ್ನಾಗಿ ಮನಗಾಣಿಸಲು ಆಗುತ್ತಿರಲಿಲ್ಲ.

ಮಂಗಳಾ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ನಂಜನಗೂಡು ತಿರುಮಲಾಂಬ ಅಂತ ಒಬ್ಬರಿದ್ದರು, 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ. ಮಗಳನ್ನು ಮೂಲೆಗೆ ಕೂರಿಸುವ ಬದಲು ಅವರ ತಂದೆ ಓದಿಗೆ ಒತ್ತಾಸೆಯಾದರು. 1913ರಲ್ಲಿ ‘ಸತಿಹಿತೈಷಿಣೀ’ ಗ್ರಂಥಮಾಲೆ ಶುರುಮಾಡಿ ತಾವೇ ಕಾದಂಬರಿ ಬರೆದರು, ತಾವೇ ಪುಸ್ತಕ ಪ್ರಕಟಿಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಹೊಸಗನ್ನಡದಲ್ಲಿ ಪ್ರಕಾಶಕಿ, ಪತ್ರಿಕಾ ಸಂಪಾದಕಿ ಎನ್ನಿಸಿಕೊಂಡ ಮೊದಲ ಹೆಂಗಸು. ಬರವಣಿಗೆ ನಿಂತ ಮೇಲೆ ಸಾಹಿತ್ಯಲೋಕ ಅವರನ್ನು ದಶಕಗಳ ಕಾಲ ಮರೆತೇಬಿಟ್ಟಿತ್ತು. ಅವರ ಬದುಕು ಬರಹವನ್ನು ಹುಡುಕಿ ಮತ್ತೆ ಕನ್ನಡಿಗರ ಮುಂದೆ ತಂದವರಲ್ಲಿ ಮುಖ್ಯರು ಮಂಗಳಾ. ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ. ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುವ ಪದ್ಧತಿಯನ್ನು ಶಾಶ್ವತಿ ತಂದಿತು. ಮಂಗಳಾ ಅವರೂ 1997ರಲ್ಲಿ ಹೋಗಿಬಿಟ್ಟರು. ಅರವತ್ತೂ ತುಂಬಿರಲಿಲ್ಲ.

ಇದೆಲ್ಲ ಏಕೆ ಹೇಳಿದೆ ಗೊತ್ತಾ? ‘ನಾನು ಪಾಠ ಮಾಡಲು ಬಂದವಳು’ ಅಂದೆಯಲ್ಲ, ಅದಕ್ಕೆ. ಒಬ್ಬ ಉಪನ್ಯಾಸಕಿ ಬರಿಯ ಉಪನ್ಯಾಸಕಿಯಾಗಿ ಉಳಿದಿದ್ದರೆ ಒಂದು ಸಂಶೋಧನಾ ಪುಸ್ತಕ ಬರೆಯಬಹುದಿತ್ತು. ಪ್ರಾಂಶುಪಾಲರಾಗಿದ್ದರಿಂದ ಒಂದು ಸಂಸ್ಥೆಯ ಕೋಣೆ, ಕಪಾಟು, ವೇದಿಕೆ, ಹೆಸರು ಎಲ್ಲವನ್ನೂ ಆ ಕೆಲಸಕ್ಕೆ ಹಚ್ಚಲು ಅವರಿಗೆ ಸಾಧ್ಯವಾಯಿತು. ಕುರ್ಚಿಯಿಂದ ಆಗುವ ಉಪಯೋಗ ಇದು. ನಿಮ್ಮದು ಟ್ರಸ್ಟಿನ ಕಾಲೇಜಲ್ಲ, ಜಯನಗರವೂ ಅಲ್ಲ, ನನಗೆ ಗೊತ್ತು. ನಿನ್ನ ಕೈಗೆ ಬರುವುದು ಸೋರುವ ಎರಡು ಕೋಣೆ, ಒಂದು ಗುಮಾಸ್ತರ ಹುದ್ದೆ, ಅದೂ ಖಾಲಿ. ಆದರೂ ನೀನು ಬೇಡ ಎಂದರೆ ಆ ಕುರ್ಚಿ ಖಾಲಿ ಇರುವುದಿಲ್ಲ, ಆ ಹುಡುಗಿಯರನ್ನು ನಿನ್ನಷ್ಟು ಅರಿಯದವರು ಯಾರೋ ಬಂದು ಕೂರುತ್ತಾರೆ.

ಈಗ ಕುರ್ಚಿಯಲ್ಲಿ ಕೂತ ಮೇಲಿನ ಮಾತು. ನಿನಗೆ ಅತ್ಯಂತ ಕಷ್ಟದ ಕಾಗದ ಬಿಲ್ಲಾಗಿರುವುದಿಲ್ಲ, ಟಿಸಿಯಾಗಿರುತ್ತದೆ.

ಒಂದು ದೀಪಾವಳಿ ಕಳೆದ ವಾರ. ಮೊದಲ ಪಿಯುಸಿ ಹುಡುಗಿಯೊಬ್ಬಳನ್ನು ಕರೆದುಕೊಂಡು ಅವಳಪ್ಪ ನನ್ನ ಕೋಣೆಗೆ ಬಂದರು. ಲೋಡಿಂಗ್ ಕೆಲಸದವರು, ಭುಜದ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. ‘ಟಿಸಿ ಕೊಟ್ಟುಬಿಡಿ ಮೇಡಮ್ಮೋರೆ, ಬೇರೆ ಕಾಲೇಜಿಗೆ ಹಾಕ್ತೀವಿ.’ ಯಾವ ಕಾಲೇಜು ಎಂದು ಕೇಳಿದೆ. ಆ ಕಡೆ ಹೊಸಕೋಟೆ ಹತ್ತಿರ ಎಂದರು. ಕಾಲೇಜಿನ ಹೆಸರು ಹೇಳಲಿಲ್ಲ. ಹುಡುಗಿ ಬಾಗಿಲ ಬಳಿ ನಿಂತು ಬ್ಯಾಗಿನ ಜಿಪ್ಪನ್ನು ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು. ವರ್ಷದ ನಡುವೆ ಹೆಸರಿಲ್ಲದ ಕಾಲೇಜಿಗೆ ಟಿಸಿ ಕೇಳಿದರೆ ಅದರ ಅರ್ಥ ಮದುವೆ ಎಂದು ನಿನಗೂ ಗೊತ್ತು. ನಾನು ಇಲ್ಲ ಎನ್ನಲಿಲ್ಲ. ಗ್ರಂಥಾಲಯದ ಬಾಕಿ ಇಲ್ಲ ಎಂಬ ಚೀಟಿ ಬೇಕು, ಅರ್ಜಿ ಬೇಕು, ನಾಳೆ ಬನ್ನಿ, ಬರುವಾಗ ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದೆ. ಟಿಸಿಯನ್ನು ಅದೇ ದಿನ ಕೈಗೆ ಕೊಡಬೇಡ, ಅಪ್ಪ ಒಬ್ಬರೇ ಬಂದಾಗ ಕೊಡಲೇಬೇಡ. ಒಂದು ರಾತ್ರಿ ಸಿಕ್ಕರೆ ಎಷ್ಟೋ ಸಲ ಮನೆಯೊಳಗಿನ ಮಾತು ತಾನೇ ಸಡಿಲವಾಗುತ್ತದೆ.

ಮಾರನೇ ದಿನ ತಾಯಿ ಬಂದರು. ಗಂಡನನ್ನು ಹೊರಗೆ ಕೂರಿಸಿ, ಟೀ ತರಿಸಿಕೊಟ್ಟು, ಆಯಮ್ಮನ ಜೊತೆ ನಾನೊಬ್ಬಳೇ ಕೂತೆ. ಕಾನೂನು ಎತ್ತಲಿಲ್ಲ. ‘ನೀವು ಎಷ್ಟನೇ ಕ್ಲಾಸಿನವರೆಗೆ ಓದಿದಿರಿ?’ ಎಂದೆ. ಏಳನೇ ಕ್ಲಾಸು, ಸ್ಕೂಲಿಗೇ ಮೊದಲು ಬಂದಿದ್ದೆ ಎಂದರು. ಮುಂದೆ? ಸೋದರಮಾವನಿಗೆ ಕೊಟ್ಟರು. ಮಗಳಿಗೂ ಈಗ ಬಂದಿರುವುದು ತಮ್ಮನ ಸಂಬಂಧವೇ, ಅವನಿಗೆ ಟೆಂಪೋ ಇದೆ, ಒಳ್ಳೆಯ ಹುಡುಗ, ಇನ್ನೊಂದು ಕಡೆ ಹೆಣ್ಣು ನೋಡಿಬಿಟ್ಟರೆ ಕೈತಪ್ಪುತ್ತದೆ. ನಾನು ಕೇಳಿದ್ದು ಒಂದೇ, ಒಳ್ಳೆಯ ಹುಡುಗನಾದರೆ ಎರಡು ವರ್ಷ ಕಾಯಲಾರನಾ ಎಂದು. ಆಯಮ್ಮ ಬಹಳ ಹೊತ್ತು ಸುಮ್ಮನಿದ್ದು, ‘ಅವನು ಕಾಯ್ತಾನೆ. ನಮ್ಮ ಅತ್ತೆ ಕಾಯಲ್ಲ’ ಎಂದರು. ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಅದೇ ದನಿಯಲ್ಲಿ ಕಾನೂನು ಹೇಳಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಏನು ಹೇಳುತ್ತದೆ, ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಹದಿನೆಂಟು ತುಂಬದವಳ ಮದುವೆ ಮೊದಲಿನಿಂದಲೇ ಅಸಿಂಧು, ಮಾಡಿಸಿದ ಹಿರಿಯರ ಮೇಲೆ ಕೇಸಾಗುತ್ತದೆ, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ಹಾಗೆ ಯಾರಾದರೂ ಮಾಡುವ ಮೊದಲು ನಾನೇ ಹೇಳುತ್ತಿದ್ದೇನೆ ಎಂದೆ. ಮನೆಯಲ್ಲಿ ಅಜ್ಜಿಗೆ ಹೇಳಲು ಅವರಿಗೊಂದು ನೆಪ ಬೇಕಿತ್ತು. ‘ಮೇಡಂ ಕೇಸ್ ಹಾಕ್ತಾರಂತೆ’ ಎನ್ನುವುದು ಆ ನೆಪವಾಯಿತು. ಕೆಟ್ಟ ಹೆಸರು ನನ್ನ ತಲೆಗೆ ಬಂತು, ಸಂತೋಷವಾಗಿ ಹೊತ್ತುಕೊಂಡೆ. ಹುಡುಗಿ ಎರಡನೇ ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದಳು.

ಎಲ್ಲರದ್ದೂ ಹೀಗೆ ಆಗುವುದಿಲ್ಲ. ಮೊದಲ ಪಿಯುಸಿ ಮುಗಿದ ಬೇಸಿಗೆ ರಜೆ ಬಹಳ ಅಪಾಯದ ಕಾಲ. ಏಪ್ರಿಲ್‌ನಲ್ಲಿ ನಗುತ್ತಾ ಹೋದವಳು ಜೂನ್‌ನಲ್ಲಿ ಬರುವುದಿಲ್ಲ, ಗೆಳತಿಯರನ್ನು ಕೇಳಿದರೆ ತಲೆ ತಗ್ಗಿಸುತ್ತಾರೆ. ವಾರ್ಷಿಕ ಪರೀಕ್ಷೆಗೆ ಮೊದಲೇ ಗೆಳತಿಯರಿಂದ ಒಬ್ಬೊಬ್ಬರ ಮನೆ ಸುದ್ದಿ ತಿಳಿದುಕೋ. ಅವರಿಗೆ ಎಲ್ಲ ಗೊತ್ತಿರುತ್ತದೆ, ಕೇಳುವವರು ಇರುವುದಿಲ್ಲ ಅಷ್ಟೆ. ರಜೆಯಲ್ಲಿ ಒಂದೊಂದು ಫೋನ್ ಮಾಡಿಸು. ನಿನ್ನಿಂದ ಫೋನ್ ಬರುತ್ತದೆ ಎಂಬುದು ಆ ಮನೆಗೆ ಗೊತ್ತಿದ್ದರೆ ಸಾಕು.

ಹಾಜರಿ ಪುಸ್ತಕವನ್ನು ಗುಮಾಸ್ತರ ಕೆಲಸವೆಂದು ಬಿಡಬೇಡ. ಶೇಕಡಾ 75 ಆಯಿತೋ ಇಲ್ಲವೋ ಎಂದು ಫೆಬ್ರವರಿಯಲ್ಲಿ ನೋಡುವುದು ಏನೂ ಪ್ರಯೋಜನವಿಲ್ಲದ ನೋಟ. ತಿಂಗಳ ಕೊನೆಗೆ ಒಂದು ಸಂಜೆ ಕೂತು ಪುಟವನ್ನು ಅಡ್ಡಡ್ಡ ಓದು. ಒಬ್ಬಳಿಗೆ ಪ್ರತಿ ತಿಂಗಳೂ ಸಾಲಾಗಿ ಮೂರು ದಿನ ಗೈರು ಇದ್ದರೆ ನಿಮ್ಮ ಶೌಚಾಲಯದಲ್ಲಿ ನೀರಿಲ್ಲ, ಇಲ್ಲವೇ ಒಳಗಿನ ಚಿಲಕ ಕಿತ್ತುಹೋಗಿದೆ ಎಂದು ಅರ್ಥ. ಹೋಗಿ ನೀನೇ ಬಾಗಿಲು ಹಾಕಿ ನೋಡು. ನಾನು ಪ್ರಾಂಶುಪಾಲಳಾದ ಮೇಲೆ ಖರ್ಚು ಮಾಡಿದ ಮೊದಲ ಹಣ ಚಿಲಕಕ್ಕೇ. ಒಂದೇ ಊರಿನ ನಾಲ್ಕೈದು ಹುಡುಗಿಯರಿಗೆ ಕೊನೆಯ ಪೀರಿಯಡ್ ಮಾತ್ರ ಗೈರು ಬಿದ್ದಿದ್ದರೆ ಬಸ್ಸಿನ ಸಮಯ ನೋಡು. ಡಿಪೋಗೆ ಬರಿಯ ಮನವಿ ಪತ್ರ ಕಳಿಸಿದರೆ ಕಡತದಲ್ಲಿ ಮಲಗುತ್ತದೆ. ಯಾವ ಊರಿಗೆ ಎಷ್ಟು ಹುಡುಗಿಯರು, ಎಷ್ಟು ಗಂಟೆಗೆ ಬಿಡುತ್ತೇವೆ ಎಂಬ ಪಟ್ಟಿ ಹಿಡಿದು ನೀನೇ ಹೋಗಿ ಕೂತುಕೋ. ಅಧಿಕಾರಿಗಳಿಗೂ ಮನೆಯಲ್ಲಿ ಹೆಣ್ಣುಮಕ್ಕಳಿರುತ್ತಾರೆ, ಎದುರಿಗೆ ಕೂತವರಿಗೆ ಇಲ್ಲ ಎನ್ನುವುದು ಅವರಿಗೂ ಕಷ್ಟ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹೆಣ್ಣುಮಕ್ಕಳ ಕಾಲೇಜಿನ ಪ್ರಾಂಶುಪಾಲರಾದ ಕೂಡಲೇ ಎಲ್ಲರೂ ನಿನ್ನನ್ನು ಕಾವಲುಗಾತಿ ಮಾಡಲು ನೋಡುತ್ತಾರೆ. ಯಾರ ಜೊತೆ ಮಾತಾಡಿದಳು, ಬ್ಯಾಗಿನಲ್ಲಿ ಫೋನ್ ಇದೆಯಾ, ಕೂದಲು ಬಿಟ್ಟುಕೊಂಡು ಬಂದಳಾ. ಊರಿನ ದೊಡ್ಡವರು ಬಂದು ಹೇಳುತ್ತಾರೆ, ಸಹೋದ್ಯೋಗಿಗಳೂ ಹೇಳುತ್ತಾರೆ. ನೀನು ಕಾಯಬೇಕಾದದ್ದು ಅವಳಿಗೆ ಹಕ್ಕಾಗಿ ಸಿಗಬೇಕಾದ ಎರಡು ವರ್ಷವನ್ನು. ಅವಳನ್ನೇ ಕಾಯಲು ಹೊರಟರೆ ಅವಳು ನಿನ್ನಿಂದ ಎಲ್ಲ ಮುಚ್ಚಿಡುತ್ತಾಳೆ. ನಿಜವಾಗಿ ಕಷ್ಟ ಬಂದ ದಿನ, ಮನೆಯಲ್ಲೋ ದಾರಿಯಲ್ಲೋ ಯಾರಾದರೂ ಕೈಯೆತ್ತಿದ ದಿನ, ನಿನ್ನ ಕೋಣೆಗೆ ಬರುವುದಿಲ್ಲ. ಬಾಗಿಲು ತೆರೆದಿಡು, ಪರದೆ ಬೇಡ. ಕ್ಲಾಸು ತಪ್ಪಿಸಿ ಕಾರಿಡಾರಿನಲ್ಲಿ ನಿಂತವಳನ್ನು ಗದರುವ ಮೊದಲು ತಿಂಡಿ ತಿಂದೆಯಾ ಎಂದು ಕೇಳು. ಬೆಳಗ್ಗೆ ಮನೆಕೆಲಸ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಬರುವವರು ನಿನ್ನ ಲೆಕ್ಕಕ್ಕಿಂತ ಹೆಚ್ಚಿದ್ದಾರೆ.

ಫಲಿತಾಂಶದ ವಿಷಯ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿರುವುದು ಹೆಣ್ಣುಮಕ್ಕಳ ಮಟ್ಟಿಗೆ ದೊಡ್ಡ ಉಪಕಾರ ಎಂದೇ ನನ್ನ ಅಭಿಪ್ರಾಯ. ಮೊದಲಾದರೆ ಒಂದು ವಿಷಯ ಹೋದರೆ ‘ಸಾಕು ಬಿಡು’ ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಈಗ ಅದೇ ವರ್ಷ ಮತ್ತೆ ಕೂರಬಹುದು. ಆದರೆ ಆ ಮಾತು ಫಲಿತಾಂಶದ ದಿನವೇ ಆ ಮನೆ ತಲುಪಬೇಕು. ಪಾಸಾದವರಿಗೆ ಸಿಹಿ ಹಂಚುವುದು ಸಂಜೆ ಆದೀತು, ಫೇಲಾದವರ ಮನೆಗೆ ಬೆಳಗ್ಗೆಯೇ ಫೋನ್ ಮಾಡು. ಮೊದಲು ಅವಳ ಜೊತೆ ಮಾತಾಡು, ಅಪ್ಪನ ಜೊತೆ ಆಮೇಲೆ. ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಜೋಡಣೆ ಇವನ್ನೆಲ್ಲ ಸೈಬರ್ ಸೆಂಟರಿಗೆ ಬಿಡಬೇಡ, ಕಾಲೇಜಿನಲ್ಲೇ ಕೂರಿಸಿ ಮಾಡಿಸು. ಹಣ ಅವಳ ಹೆಸರಿನ ಖಾತೆಗೇ ಬರಲಿ. ತನ್ನ ಹೆಸರಿನ ಪಾಸ್‌ಬುಕ್ ಮೊದಲ ಸಲ ಕೈಗೆ ಬಂದಾಗ ಆ ಮಕ್ಕಳ ಮುಖ ನೋಡಬೇಕು ನೀನು.

ನಿನಗಿಂತ ದೊಡ್ಡವರಾದ ಅತಿಥಿ ಉಪನ್ಯಾಸಕರ ಬಗ್ಗೆ ಹೆದರಬೇಡ. ಅವರನ್ನು ಮೊದಲಿನ ಹಾಗೇ ಸರ್, ಮೇಡಂ ಎಂದೇ ಕರೆ. ಅವರ ಗೌರವಧನದ ಬಿಲ್ಲನ್ನು ನಿನ್ನ ಮೇಜಿನ ಮೇಲೆ ಒಂದು ದಿನವೂ ಇಟ್ಟುಕೊಳ್ಳಬೇಡ. ಬಿಲ್ಲಿಗೆ ಸಹಿ ಹಾಕುವ ಕೆಲಸ ಎಂದು ನೀನು ಹಗುರಾಗಿ ಬರೆದದ್ದು ಆ ಮನೆಗಳ ರೇಷನ್ನು. ಬೇಗ ಹಾಕಿದ ಒಂದು ಸಹಿಯಿಂದ ಬರುವ ಗೌರವ ವಯಸ್ಸಿನಿಂದ ಬರುವುದಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿಗೆ ಶಾಸಕರು ಅಧ್ಯಕ್ಷರು, ಗೊತ್ತಲ್ಲ. ಅವರನ್ನು ವಾರ್ಷಿಕೋತ್ಸವಕ್ಕೆ ಮಾತ್ರ ಕರೆದು ಹಾರ ಹಾಕಿ ಕಳಿಸಬೇಡ. ಸಭೆ ಕರೆ, ನಡಾವಳಿ ಬರೆಸು, ಸೋರುವ ಕೋಣೆಯಲ್ಲೇ ಕುರ್ಚಿ ಹಾಕಿಸು.

ಇನ್ನೊಂದೇ ಮಾತು, ಇದು ನಿನ್ನ ಆಸೆಯ ಕಡೆಯದು. ಪ್ರಾಂಶುಪಾಲಳಾದರೂ ಒಂದು ತರಗತಿಯ ಪಾಠ ಬಿಡಬೇಡ. ವೇಳಾಪಟ್ಟಿಯಲ್ಲಿ ಬೆಳಗಿನ ಮೊದಲ ಪೀರಿಯಡ್ ನಿನ್ನದು ಎಂದು ಬರೆದುಕೋ. ಆ ಹೊತ್ತಿಗೆ ಕಚೇರಿಯಿಂದ ಫೋನ್ ಬರುವುದಿಲ್ಲ, ಬಂದರೂ ಪಾಠದಲ್ಲಿದ್ದಾರೆ ಎನ್ನಲಿ. ಯಾರ ಮುಖ ಬಾಡಿದೆ ಎಂದು ಗೊತ್ತಾಗುವುದು ಕ್ಲಾಸಿನಲ್ಲಿ ಮಾತ್ರ. ನಾನು ನಿವೃತ್ತಿಯ ವರ್ಷದವರೆಗೂ ಎರಡನೇ ಪಿಯುಸಿ ಇತಿಹಾಸವನ್ನು ಬಿಟ್ಟುಕೊಟ್ಟಿರಲಿಲ್ಲ.

ಚಾರ್ಜ್ ತೆಗೆದುಕೊಳ್ಳುವ ದಿನ ಯಾರ ಮುಲಾಜಿಗೂ ಬಿದ್ದು ಅವಸರದಲ್ಲಿ ಸಹಿ ಹಾಕಬೇಡ. ನಗದು ಪುಸ್ತಕಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ ತಾಳೆ ನೋಡು. ಪ್ರಯೋಗಾಲಯ, ಗ್ರಂಥಾಲಯದ ದಾಸ್ತಾನು ವಹಿ ನೋಡು. ಖಾಲಿ ಟಿಸಿ ಪುಸ್ತಕದ ಹಾಳೆಗಳನ್ನು ಕ್ರಮಸಂಖ್ಯೆ ಹಿಡಿದು ಎಣಿಸಿ, ಇಷ್ಟರಿಂದ ಇಷ್ಟರವರೆಗೆ ಎಂದು ಬರೆಸಿಕೋ. ಮುಂದಿನ ಭಾನುವಾರ ಆ ಚಾರ್ಜ್ ಪಟ್ಟಿಯ ಕರಡು ಹಿಡಿದು ಇಲ್ಲಿಗೇ ಬಾ, ಇಬ್ಬರೂ ಕೂತು ನೋಡೋಣ. ಮಾದಾವರ ಮೆಟ್ರೊದಲ್ಲಿ ಇಳಿದು ಫೋನ್ ಮಾಡು, ನಿಮ್ಮಣ್ಣನನ್ನು ಸ್ಕೂಟರಿನಲ್ಲಿ ಕಳಿಸುತ್ತೇನೆ. ಮಗುವನ್ನೂ ಕರೆದುಕೊಂಡು ಬಾ, ಅಮ್ಮನಿಗೆ ನನ್ನ ನೆನಪು ಹೇಳು.

ಇಂತಿ ನಿನ್ನ
ದೊಡ್ಡಮ್ಮ